ಚಿಕ್ಕಯ್ಯ ಎಣಿಸಿದ ನೊಣಗಳು

ಚನ್ನರಾಯಪಟ್ಟಣದಿಂದ ಮೂಡಲಿಗೆ ಐದಾರು ಮೈಲಿ ದೂರದ ಆ ಊರಲ್ಲಿ ಚಿಕ್ಕಯ್ಯನ ಎಣಿಕೆ ಎಂದರೆ ಮರುಮಾತಿರಲಿಲ್ಲ. ರಾಗಿಯನ್ನು ಇನ್ನೂ ಕಣದಲ್ಲಿ ಒಕ್ಕುತ್ತಿದ್ದ ಕಾಲದಲ್ಲಿ, ಗೌಡರ ರಾಶಿ ಅಳೆಯುವಾಗ ಕೊಳಗದ ಲೆಕ್ಕ ಕೂಗುತ್ತಿದ್ದವನು ಅವನೇ. ಆ ರಾಶಿಯಲ್ಲಿ ಅವನ ಪಾಲಿಗೆ ಎಷ್ಟು ಬರುತ್ತಿತ್ತು ಎಂಬುದು ಬೇರೆ ಮಾತು, ಬಿಡಿ. ಲೆಕ್ಕ ಮಾತ್ರ ಒಂದು ಸಲವೂ ತಪ್ಪಿದ್ದಿಲ್ಲ. ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುವುದು ಕಣದ ವಾಡಿಕೆ. ‘ಇಲ್ಲ’, ‘ಮುಗೀತು’ ಎಂಬ ಮಾತನ್ನು ಅಲ್ಲಿ ಯಾರೂ ಆಡುವಂತಿರಲಿಲ್ಲ. ಮನೆಯಲ್ಲೂ ಅಷ್ಟೆ. ಅಕ್ಕಿ ಡಬ್ಬದ ತಳ ಕಂಡರೂ ಅವನ ಹೆಂಡತಿ ಮಾದಮ್ಮ ‘ಅಕ್ಕಿ ಹೆಚ್ಚಾಗ್ಯದೆ’ ಅನ್ನುತ್ತಿದ್ದಳು.

ಕಣ ಹೋಯಿತು, ಯಂತ್ರ ಬಂತು, ಚಿಕ್ಕಯ್ಯನಿಗೆ ಅರವತ್ತು ದಾಟಿತು. ಎಣಿಸುವುದಕ್ಕೆ ಏನೂ ಉಳಿದಿರಲಿಲ್ಲ. ಆಗ ಹಾಸನದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಮಗಳು ಶೋಭಿತಾ ಅವನಿಗೆ ನೊಣ ಎಣಿಸುವ ಕೆಲಸ ಕೊಟ್ಟಳು.

ನಗಬೇಡಿ. ಇದು ಎಂಜಲಿಗೆ ಮುತ್ತುವ ನೊಣವಲ್ಲ. ಜೇನಿನ ಹಾಗೆ ಮೈಮೇಲೆ ಹಳದಿ ಪಟ್ಟೆ, ಆದರೆ ಕಚ್ಚುವುದಿಲ್ಲ. ಹೂವಿನ ಮುಂದೆ ಗಾಳಿಯಲ್ಲಿ ಒಂದೇ ಕಡೆ ನಿಂತುಬಿಡುತ್ತದೆ. ಅದರ ಮರಿಹುಳು ಅವರೆ ಗಿಡದ ಹೇನನ್ನೆಲ್ಲ ತಿಂದು ತೇಗುತ್ತದೆ. ಚಿಕ್ಕಯ್ಯ ಅದಕ್ಕೆ ನಿಲ್ಲೋ ನೊಣ ಎಂದು ಹೆಸರಿಟ್ಟ.

“ಅದ್ಕೆ ಚಳಿ ಬೇಕು, ಇಬ್ಬನಿ ಬೇಕು ಅಪ್ಪ,” ಎಂದು ಶೋಭಿತಾ ಹೇಳಿದ್ದಳು. “ಅರಕಲಗೂಡು ಕಡೆ ತಂಪು, ಅಲ್ಲಿ ಬಾಳ ದಿನ ಸಿಗ್ತದೆ. ಹೊಳೆನರಸೀಪುರದಲ್ಲಿ ಚಳಿಗಾಲ ಮುಗಿಯೋಗಂಟ. ಬಿಸ್ಲು ಏರ್ದಂಗೆಲ್ಲಾ ನಮ್ ಕಡೆಯಿಂದ ಪಡುವಲಿಗೆ ಸರೀತಾ ಅದೆ ಅಂತ ನನ್ನ ಅನುಮಾನ. ಅದನ್ನ ಲೆಕ್ಕದಲ್ಲಿ ತೋರಿಸ್ಬೇಕು.”

ಕಟ್ಟಾಯ, ಹೊಳೆನರಸೀಪುರ, ಅರಕಲಗೂಡಿನ ಹೊಲಗಳಿಗೆ ಅವಳೇ ಬಸ್ಸು ಹತ್ತಿ ಹೋಗುತ್ತಿದ್ದಳು. ಊರಿನ ಅವರೆ ಹೊಲ ಮಾತ್ರ ಅಪ್ಪನ ಪಾಲು. ಬೇಸ್ತವಾರ ಬೆಳಗ್ಗೆ ಒಂದು ಗಂಟೆ ಕೂರುವುದು, ಕಂಡ ನೊಣಕ್ಕೆ ಒಂದೊಂದು ಗೀಟು ಹಾಕುವುದು.

ನಾಲ್ಕು ಚಳಿಗಾಲ ಅವನು ಒಂದು ಬೇಸ್ತವಾರವನ್ನೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಗೌಡರ ಮನೆಯ ರಂಗಸ್ವಾಮಿ ಬೈಕು ನಿಲ್ಲಿಸಿ, “ಏನ್ಲಾ ಚಿಕ್ಕಯ್ಯ, ನೊಣ ಒಡೀತಾ ಕುಂತಿದ್ದೀಯಾ?” ಎಂದು ಕಿಚಾಯಿಸುತ್ತಿದ್ದ. “ಒಡ್ಯಾಕಿಲ್ಲ ಸಾ, ಎಣಿಸ್ತಾ ಇವ್ನಿ. ಮಗೀಗೆ ಡಾಕ್ಟ್ರು ಪಟ್ಟ ಬತ್ತದೆ,” ಎನ್ನುತ್ತಿದ್ದ ಇವನು. ಆ ಮಾತು ಹೇಳುವಾಗ ಅವನಿಗೆ ಎಷ್ಟು ಹೆಮ್ಮೆಯೋ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಶೋಭಿತಾ ಊರಿಗೆ ಬಂದಳು, ಮುಖದ ತುಂಬ ನಗು. ಬಿಸಿಲು ಹೆಚ್ಚಾದ ವರ್ಷಗಳಲ್ಲಿ ಉಳಿದ ಮೂರು ಕಡೆಯೂ ನೊಣ ಇಳಿದಿತ್ತು, ಹೊಳೆನರಸೀಪುರದಲ್ಲಂತೂ ಎಷ್ಟೋ ವಾರ ಕಂಡೇ ಇರಲಿಲ್ಲ. ಎಲ್ಲಕ್ಕಿಂತ ಒಣಗಿದ ಚನ್ನರಾಯಪಟ್ಟಣದ ಕಡೆ ಮಾತ್ರ ಒಂದು ವಾರವೂ ಲೆಕ್ಕ ಬರಿದಾಗಿರಲಿಲ್ಲ. ಅವಳ ಮೇಷ್ಟ್ರು ಷಡಕ್ಷರಿಯವರು ಬೆರಗಾಗಿ, ಇದು ಯಾರೂ ಕಾಣದ ಸಂಗತಿ, ಕಾರಣ ಹುಡುಕು ಎಂದಿದ್ದರು. ಪ್ರಬಂಧ ಒಪ್ಪಿಸಲು ಉಳಿದಿದ್ದುದು ಒಂದೇ ತಿಂಗಳು. ಅದು ದಾಟಿದರೆ ಅವಳ ಗಡುವೂ ಮುಗಿಯುತ್ತಿತ್ತು, ವಿದ್ಯಾರ್ಥಿವೇತನವೂ ನಿಲ್ಲುತ್ತಿತ್ತು.

ಬೇಸ್ತವಾರ ಅಪ್ಪ ಮಗಳು ಹೊಲದ ಬದುವಿನಲ್ಲಿ ಜೊತೆಗೆ ಕೂತರು. ಅವರೆ ಹೂ ಬಿಟ್ಟಿತ್ತು, ಕುಡಿಗೆಲ್ಲ ಹೇನು ಮೆತ್ತಿಕೊಂಡಿತ್ತು. ಒಂದು ಗಂಟೆ ಕಳೆದರೂ ಒಂದು ನೊಣವೂ ಬರಲಿಲ್ಲ. ಹತ್ತು ಹೊಡೆದಾಗ ಚಿಕ್ಕಯ್ಯ ಹಾಳೆಯ ಮೇಲೆ ನೆಟ್ಟಗೆ ಒಂದು ಗೀಟು ಎಳೆದ.

“ಎಲ್ಲಿ ಕಂಡ್ತು ಅಪ್ಪ?”

“ಕಾಣ್ಲಿಲ್ಲ ಕಣವ್ವ.”

“ಮತ್ತೆ ಗೀಟು?”

“ಎಣಿಕೇನ ಬರಿದು ಬಿಡಬಾರ್ದು ಮಗ. ನಿನ್ ಓದಿಗೆ ಕೇಡಾಗ್ತದೆ. ಅದ್ಕೆ ಒಂದು ಲಾಭ ಮಡಗ್ತೀನಿ.”

ಶೋಭಿತಾ ಚೀಲದಿಂದ ಹಳೆಯ ಹಾಳೆಗಳನ್ನೆಲ್ಲ ತೆಗೆದು ಅವನ ಮುಂದೆ ಹರಡಿದಳು. ಮೊದಮೊದಲು ಐದು, ಮೂರು. ಆಮೇಲೆ ಎಲ್ಲ ಕಡೆ ಬರೀ ಒಂದು.

“ಇದ್ರಲ್ಲಿ ದಿಟವಾಗ್ಲೂ ಕಂಡಿದ್ದು ಯಾವ್ದು, ನೀನು ಮಡಗಿದ್ದು ಯಾವ್ದು?”

ಚಿಕ್ಕಯ್ಯ ಬೆರಳಿಟ್ಟು ಒಂದೊಂದೇ ಸಾಲನ್ನು ನೋಡಿದ. ಒಂದು ಕಡೆ ಬೆರಳು ನಿಂತಿತು, ಮತ್ತೆ ಮುಂದೆ ಸರಿಯಿತು. ಕಡೆಗೆ, “ಗ್ಯಾಪ್ಕ ಇಲ್ಲ ಕಣವ್ವ,” ಎಂದ.

“ಕಾಣದೆ ಇದ್ದದ್ದೇ ನಂಗೆ ಬೇಕಾಗಿತ್ತು ಅಪ್ಪ,” ಎಂದಳು ಶೋಭಿತಾ. ಅವಳಿಗೆ ಅಳು ಬಂತು.

ಅಲ್ಲಿಂದಲೇ ಮೇಷ್ಟ್ರಿಗೆ ಫೋನು ಮಾಡಿದಳು. “ತಪ್ಪು ನನ್ನದು ಸಾರ್. ಸೊನ್ನೆ ಬರೀಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ,” ಎಂದಳು. ಅಪ್ಪನ ಹೆಸರೆತ್ತಲಿಲ್ಲ. ಚನ್ನರಾಯಪಟ್ಟಣದ ಲೆಕ್ಕವನ್ನು ಪೂರ್ತಿ ಕೈಬಿಡಬೇಕು, ಹೊಸದಾಗಿ ಇನ್ನೆರಡು ಚಳಿಗಾಲ ಎಣಿಸಬೇಕು, ಅಲ್ಲಿಯವರೆಗೆ ಪ್ರಬಂಧವಿಲ್ಲ ಎಂದರು ಅವರು. ವಿದ್ಯಾರ್ಥಿವೇತನ ನಿಂತ ಮೇಲೆ ಎರಡು ವರ್ಷ ಅವಳು ಹೇಗೆ ಓದಬೇಕು? ಮಗಳು ಬೈದಿದ್ದರೆ ಚಿಕ್ಕಯ್ಯ ತಡೆದುಕೊಳ್ಳುತ್ತಿದ್ದ. ಅವಳು ತಪ್ಪನ್ನು ತನ್ನ ತಲೆಗೆ ಹಾಕಿಕೊಂಡದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಮಧ್ಯಾಹ್ನ ಹಾಸನದ ಬಸ್ಸಿಗೆ ಕಾಯುವಾಗ ಅವನೇ ಬಾಯಿಬಿಟ್ಟ. “ಬರೋ ಬೇಸ್ತವಾರದಿಂದ ಸರಿಯಾಗಿ ಎಣಿಸ್ತೀನಿ ಕಣವ್ವ. ಕಾಣ್ದಿದ್ರೆ ಸೊನ್ನೆ ಬರೀತೀನಿ. ಆಣೆ ಮಡಗ್ತೀನಿ.”

ಶೋಭಿತಾ ಅವನ ಕೈ ಹಿಡಿದುಕೊಂಡಳು.

“ಬ್ಯಾಡ ಅಪ್ಪ. ಪಕ್ಕದ ಮನೆ ರಂಜಿನಿಗೆ ಹೇಳಿದ್ದೀನಿ, ಅವಳು ಕೂರ್ತಾಳೆ.”

ಮೆತ್ತಗೇ ಹೇಳಿದಳು. ಚಿಕ್ಕಯ್ಯ ತಲೆಯಾಡಿಸಿದ. ಬಸ್ಸು ಹೊರಟ ಮೇಲೆ ಪಕ್ಕದ ಮನೆಗೆ ಹೋಗಿ, ಜೇಬಿನಿಂದ ಗೀಟು ಹಾಕುವ ಪೆನ್ನು ತೆಗೆದು ರಂಜಿನಿಯ ಕೈಗಿಟ್ಟ.