ಸಿಟ್ಟಿಗಾಗಿ ಕಾದ ಮನೆ

ಗಂಡಸು ಬೈಯಲಿ ಎಂದು ಬೇಕೆಂತಲೇ ಬೇಳೆಗೆ ಉಪ್ಪು ಸುರಿಯುವ ಮನೆ ಎಲ್ಲಾದರೂ ಇದೆಯೇ? ನಮ್ಮದಿತ್ತು. ಸುರಿಯುತ್ತಿದ್ದವಳು ನಾನಲ್ಲ, ನನ್ನ ಗಂಡನ ಅಕ್ಕ. ಅವಳನ್ನು ಅಫಜಲಪುರದ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಒಲೆ, ಕಾಳಿನ ಕೋಣೆ, ನಾನು, ಎಲ್ಲವನ್ನೂ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಳು. ಕೆಟ್ಟವಳಲ್ಲ. ತಮ್ಮನೆಂದರೆ ಜೀವ ಬಿಡುತ್ತಿದ್ದಳು, ಅಷ್ಟೇ.

ಇದು ತೊಂಬತ್ತರ ದಶಕದ ಮಾತು. ಮಾದನಹಿಪ್ಪರಗಾದಲ್ಲಿ ನಮ್ಮದು ತೊಗರಿ, ಜೋಳದ ಹೊಲ, ತಕ್ಕಮಟ್ಟಿಗೆ ಉಂಡುಟ್ಟು ಇರುವ ಮನೆ. ನಮ್ಮ ಮನೆಯವರ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ರೊಟ್ಟಿ ಆರಿದ್ದರೆ ತಾಟು ಹಾರುತ್ತಿತ್ತು, ಮಾತಿಗೆ ಮಾತು ಬಂದರೆ ಕೈ ಏಳುತ್ತಿತ್ತು. ನಾನು ಜೇವರ್ಗಿ ಕಡೆಯ ಹೆಣ್ಣು, ಬಾಯಿ ನನಗೂ ಜೋರೇ ಇತ್ತು. ಇಲ್ಲಿಗೆ ಬಂದ ಮೇಲೆ ಅದನ್ನು ಮುಚ್ಚಿಕೊಳ್ಳುವುದು ಕಲಿತೆ. ಬಿದ್ದ ಏಟನ್ನು ಈ ಮನೆಯಲ್ಲಿ ಯಾರೂ ಏಟು ಎನ್ನುತ್ತಿರಲಿಲ್ಲ. "ಅವನ ಸಿಟ್ಟು ಎಷ್ಟೊತ್ತು ಬೇ, ಉಂಡು ಎದ್ದ ಮ್ಯಾಲ ಇಳೀತದ" ಎನ್ನುತ್ತಿದ್ದಳು ನಾದಿನಿ. ಇಳಿಯುತ್ತಿತ್ತು, ನಿಜ. ನನ್ನ ಬೆನ್ನಿನ ನೋವು ಇಳಿಯಲು ಇನ್ನೂ ನಾಕು ದಿನ ಬೇಕಾಗುತ್ತಿತ್ತು.

ನಮ್ಮ ಮನೆಯವರು ಒಂದು ಸಲ ಮೂತ್ರ ಕಟ್ಟಿಕೊಂಡು ಒದ್ದಾಡಿದಾಗ ಆಳಂದದ ಡಾಕ್ಟರು ನೋಡಿ ಸೋಲಾಪುರಕ್ಕೆ ಕಳಿಸಿದರು. ಅಲ್ಲಿ ಪ್ರೊಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದರು. ಸೋಲಾಪುರದ ಡಾಕ್ಟರಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಗಂಡಸಿನ ಮೈಯಲ್ಲಿ ಗಡ್ಡ, ಬಲ, ಆಸೆ ಎಲ್ಲ ಹುಟ್ಟಿಸುವ ಟೆಸ್ಟೋಸ್ಟೆರಾನ್ ಎಂಬ ರಸವಿರುತ್ತದೆ, ಈ ರೋಗ ಬೆಳೆಯುವುದೂ ಅದರ ಮೇಲೆಯೇ, ಆದ್ದರಿಂದ ಅದನ್ನೇ ನಿಲ್ಲಿಸಬೇಕು ಎಂದು ತಿಳಿಸಿ ಹೇಳಿದರು. ಆಪರೇಷನ್ ಮಾಡಿ ವೃಷಣ ತೆಗೆದುಬಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದೆ, ಇಲ್ಲವಾದರೆ ತಿಂಗಳಿಗೊಂದು ಸೂಜಿ, ಜೊತೆಗೆ ನಾವು ಕರೆಂಟು ಎನ್ನುವ ರೇಡಿಯೇಷನ್ ಎಂದರು.

ನಮ್ಮ ಮನೆಯವರು ಕುರ್ಚಿಯಿಂದ ಎದ್ದೇಬಿಟ್ಟರು. "ಮನಿಷ್ಯಾ ಅದೀನ್ರಿ ನಾ, ಹೋರಿ ಅಲ್ಲ! ಬೀಜ ಒಡಸ್ಕೊಳ್ಳಾಕ ಇಲ್ಲೀತನಕ ಬಂದೀನೇನು?" ಹೊರಗೆ ಕೂತವರೆಲ್ಲ ಒಳಗೆ ಇಣುಕಿ ನೋಡಿದರು. ಕೊನೆಗೆ ಸೂಜಿಯೇ ಗತಿಯಾಯಿತು.

ನಾಕಾರು ತಿಂಗಳಲ್ಲಿ ಆ ಮನುಷ್ಯನೇ ಬದಲಾದರು. ಸಂಕ್ರಾಂತಿಯ ಚಳಿಯಲ್ಲಿ ಮೈಯೆಲ್ಲ ಬೆವರಿ, ಅಂಗಿ ಕಿತ್ತೆಸೆದು ಅಂಗಳಕ್ಕೆ ಓಡುತ್ತಿದ್ದರು. ಗಡ್ಡ ತೆಳುವಾಯಿತು. ತೋಳು ಸಡಿಲಾಯಿತು, ಎದೆ ಊದಿ ನೋಯುತ್ತಿತ್ತು. ಅದನ್ನು ಯಾರಾದರೂ ನೋಡಿಯಾರೆಂದು ಸ್ನಾನಕ್ಕೆ ಹೋಗುವಾಗಲೂ ಬನಿಯನ್ ಬಿಚ್ಚುತ್ತಿರಲಿಲ್ಲ. ಮಟಕಿ ಎಂಬ ಊರಿನಿಂದ ತಂದಿದ್ದ ಕರುವೊಂದು ಸತ್ತಾಗ ಗೋದಲಿಯ ಹತ್ತಿರ ಕೂತು ಅತ್ತರು. ನನಗೆ ನೋಡಲಾಗಲಿಲ್ಲ, ಒಳಗೆ ಬಂದುಬಿಟ್ಟೆ.

ಆಮೇಲೆ ಮೆಲ್ಲಗೆ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂರತೊಡಗಿದರು. ಒಳಗಿನ ಬಿಸಿ ಅವರಿಗೆ ಆಗುತ್ತಿರಲಿಲ್ಲ, ಹೊಸ್ತಿಲಿಗೇ ನಿಲ್ಲುತ್ತಿದ್ದರು. ಮೊರ ಎಳೆದುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದರು. ಒಂದು ದಿನ ತಲೆ ಎತ್ತದೆ ಕೇಳಿದರು:

"ನಿಮ್ಮ ತವರಮನಿ ಬಾವಿ ನೀರು ಸಿಹಿ ಇತ್ತೋ, ಉಪ್ಪು ಇತ್ತೋ?"

ಅಯ್ಯೋ ಶಿವನೇ! ಮದುವೆಯಾಗಿ ಮಕ್ಕಳ ಮದುವೆಯೂ ಆಗಿತ್ತು. ಅಷ್ಟು ವರ್ಷಗಳಲ್ಲಿ ನನ್ನ ತವರಿನ ಬಗ್ಗೆ ಅವರು ಕೇಳಿದ ಮೊದಲ ಮಾತು ಅದು. ಉಪ್ಪು ಅಂದೆ. ಸಿಹಿನೀರಿಗೆ ಎಷ್ಟು ದೂರ ಹೋಗುತ್ತಿದ್ದೆವು, ಯಾರ ಯಾರ ಜೊತೆ ಜಗಳಾಡುತ್ತಿದ್ದೆ ಎಂದೆಲ್ಲ ಹೇಳಿದೆ. ರೊಟ್ಟಿ ಮುಗಿದರೂ ನನ್ನ ಮಾತು ಮುಗಿಯಲಿಲ್ಲ. ಅವರು ನಕ್ಕರು.

ಸೂಜಿ ನಡೆದ ಆ ಎರಡು ವರ್ಷ ನಾನು ಸುಖವಾಗಿದ್ದೆ. ಮನೆಯಲ್ಲಿ ಕ್ಯಾನ್ಸರ್ ಇತ್ತು, ನಾನು ಹಾಡು ಗುನುಗುತ್ತಾ ಹಿಟ್ಟು ನಾದುತ್ತಿದ್ದೆ. ಯಾರು ಏನೆಂದರೂ ಅನ್ನಲಿ, ಇದ್ದದ್ದು ಹೀಗೇ.

ನಾದಿನಿ ಮಾತ್ರ ಕೊರಗಿ ಹೋದಳು. "ನನ್ನ ತಮ್ಮ ಎಲ್ಲಿ ಹೋದ ಬೇ? ಹೆಣ್ಮಕ್ಕಳಂಗ ಬ್ಯಾಳಿ ಹಸನು ಮಾಡಾಕತ್ತಾನ. ಇಂವ ಯಾವನೋ ಬ್ಯಾರೆ" ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ತಮ್ಮ ಮೊದಲಿನಂತಾದರೆ ಜಿಡಗಾ ಮಠದ ದಾಸೋಹಕ್ಕೆ ಜೋಳ ಕೊಡುತ್ತೇನೆಂದು ಹರಕೆ ಹೊತ್ತಳು.

ಎರಡು ವರ್ಷ ತುಂಬಿದಾಗ ಡಾಕ್ಟರು ಸೂಜಿ ನಿಲ್ಲಿಸಿದರು. "ಸಾವ್ಕಾರ್ರೆ, ಇನ್ನ ಸಾಕು. ಆ ರಸ ತಾನೇ ತಿರುಗಿ ಬರ್ತದ. ಆರು ತಿಂಗಳು ಹಿಡೀಬಹುದು, ವರ್ಷ ಹಿಡೀಬಹುದು. ಈ ವಯಸ್ಸಿನಾಗ ಕೆಲವರಿಗೆ ಪೂರ್ತಿ ಬರೋದೂ ಇಲ್ಲ. ಬಂದ್ರ ಬಲ ಬರ್ತದ, ಹುಮ್ಮಸ್ಸು ಬರ್ತದ. ಆದ್ರ ಒಂದು ಮಾತು, ಮಲಗಿದ್ದ ರೋಗಾನೂ ಅದರ ಜೋಡಿ ಎದ್ದೀತು. ಆವಾಗಾವಾಗ ರಕ್ತ ತೋರಿಸ್ಕೋತ ಇರ್ರಿ."

ಬಸ್ಸಿನಲ್ಲಿ ಬರುವಾಗ ಕೊನೆಯ ಮಾತೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮನೆಗೆ ಬಂದು ಹೇಳಿದರೆ ನಾದಿನಿಗೆ ಕೇಳಿಸಿದ್ದು ಬಲ ಬರುತ್ತದೆ ಎನ್ನುವುದು ಒಂದೇ. ರಕ್ತ ನೋಡಿ ತಿಳಿಯುವುದು ಡಾಕ್ಟರ ಕೆಲಸ. ಅವಳ ಹತ್ತಿರ ಅವಳದೇ ಒಂದು ಪರೀಕ್ಷೆ ಇತ್ತು. ಈ ವಂಶದ ಗಂಡಸರ ಆರೋಗ್ಯವನ್ನು ಅವಳು ಸಿಟ್ಟಿನಿಂದಲೇ ಅಳೆಯುತ್ತಿದ್ದಳು. ಅವರಪ್ಪ ಸಾಯುವ ಮುಂಚೆ ಬೈಯುವುದನ್ನು ನಿಲ್ಲಿಸಿದ್ದನಂತೆ. ಹಾಗಾಗಿ ತಮ್ಮನಿಗೆ ಸಿಟ್ಟು ಬಂದರೆ ತಮ್ಮ ಬದುಕಿದ.

ಶುರುವಾಯಿತು ನೋಡಿ ಉಪ್ಪಿನ ಕಥೆ. ಮೊದಲ ಸಲ ಅವರು ಒಂದು ತುತ್ತು ಉಂಡು, ನೀರು ಕುಡಿದು, "ಉಪ್ಪು ಸ್ವಲ್ಪ ಮುಂದಾಗ್ಯಾದ" ಎಂದು ಮೊಸರು ಕಲಸಿಕೊಂಡು ಎದ್ದರು. ನಾದಿನಿ ಕಾಳಿನ ಕೋಣೆಗೆ ಹೋಗಿ ಅತ್ತಳು. ಮುಂದಿನ ವಾರ ಆರಿದ ರೊಟ್ಟಿ. ಅದರ ಮುಂದಿನ ವಾರ ಅವರ ತಂಬಾಕಿನ ಡಬ್ಬಿ ಬಚ್ಚಿಟ್ಟಳು. ಅವರು ಹುಡುಕಿ ಹುಡುಕಿ, "ಇರಲಿ ಬಿಡು" ಎಂದು ಮಲಗಿದರು.

"ಯಾಕ್ರಿ ಅಕ್ಕಾ ಹಿಂಗ ಮಾಡ್ತೀರಿ? ಅವರ ಪಾಡಿಗೆ ಅವರು ಇರಲಿ" ಅಂದೆ ನಾನು.

"ನಿನಗೇನು ಗೊತ್ತದ ಬೇ? ನಿನಗ ಇಂವ ಹಿಂಗ ಇದ್ರನೇ ಛಲೋ ಅನಸ್ತದೇನು?"

ಅವಳು ತಾಟು ಬಡಿಸುವಾಗಲೆಲ್ಲ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದೇ ಸೂರಿನ ಕೆಳಗೆ ಅವಳು ಅದು ಬರಲೆಂದು ಕಾಯುತ್ತಿದ್ದಳು, ನಾನು ಬಾರದಿರಲೆಂದು ಕಾಯುತ್ತಿದ್ದೆ.

ಬಂತು. ಕಳ್ಳನ ಹಾಗೆ ಬಂತು. ಮೊದಲು ಬೆವರು ನಿಂತಿತು, ಒಂದು ಮುಂಜಾನೆ ನೋಡಿದರೆ ಕೌದಿ ಹೊದ್ದು ಮಲಗಿದ್ದರು. ಆಮೇಲೆ ಕ್ಷೌರಕ್ಕೆ ಬರುವವನು ಕತ್ತಿ ಒರೆಸುತ್ತಾ, "ಸಾವ್ಕಾರ್ರ, ಗಡ್ಡ ಬಿರುಸಾಗ್ಯಾದ್ರಿ, ಮತ್ತ ಮೊದಲಿನಂಗ ಕರ್ ಕರ್ ಅನ್ನಾಕತ್ತದ" ಎಂದ. ಅವರು ಕನ್ನಡಿ ತರಿಸಿಕೊಂಡು ಬಹಳ ಹೊತ್ತು ನೋಡಿಕೊಂಡರು. ಅಂಗಳದಲ್ಲಿ ಚಪ್ಪಲಿಯ ಸದ್ದು ದಪ್ಪವಾಯಿತು. ಹೊಲಕ್ಕೆ ಹೋಗಿ ಆಳುಗಳ ಜೊತೆ ತೊಗರಿ ಚೀಲಕ್ಕೆ ಹೆಗಲು ಕೊಟ್ಟು ಬಂದರು. ಹೊಸ್ತಿಲ ಮೇಲೆ ಕೂರುವುದು ಒಂದೊಂದು ದಿನ ತಪ್ಪಿತು, ಆಮೇಲೆ ಪೂರ್ತಿ ನಿಂತೇಹೋಯಿತು. ಬೇಳೆ ನಾನೇ ಹಸನು ಮಾಡಿಕೊಂಡೆ.

ಒಂದು ದಿನ ನಸುಕಿನಲ್ಲಿ ಅವರ ಕೈ ನನ್ನ ಕಡೆ ಬಂತು. ಸೂಜಿ ಶುರುವಾದಂದಿನಿಂದ ಬಂದಿರಲಿಲ್ಲ. ಅದಕ್ಕಾಗಿ ಅವರು ಒಳಗೊಳಗೇ ಎಷ್ಟು ಕುಗ್ಗಿದ್ದರೆಂದು ನನಗೆ ಗೊತ್ತಿತ್ತು. ಅಂದು ಅವರ ಮುಖ ನೋಡಿ ನನಗೂ ಖುಷಿಯಾಯಿತು, ಯಾಕೆ ಇಲ್ಲವೆನ್ನಲಿ? ಆದರೆ ಖುಷಿಯ ಬೆನ್ನಿಗೇ ಒಂದು ಅಂಜಿಕೆ ಬಂದು ಕೂತಿತು. ಇದರ ಜೊತೆ ಇನ್ನೇನೇನು ಎದ್ದಿದೆಯೋ ಎಂದು ಚಾವಣಿ ನೋಡುತ್ತಾ ಬಿದ್ದುಕೊಂಡಿದ್ದೆ.

ಮಳೆಗಾಲ ಮುಗಿಯುತ್ತಾ ಬಂದಾಗ ನಾದಿನಿ ಮತ್ತೊಮ್ಮೆ ಉಪ್ಪು ಸುರಿದಳು. ಅವರು ತುತ್ತು ಬಾಯಿಗಿಟ್ಟರು. ತಾಟು ಹಾರಿ ಗೋಡೆಗೆ ಬಡಿಯಿತು, ಬೇಳೆ ಗೋಡೆಯುದ್ದಕ್ಕೂ ಇಳಿಯಿತು. ತಾಟು ಎತ್ತಲು ನಾನು ಬಗ್ಗಿದೆ, ಕಪಾಳಕ್ಕೆ ಬಿತ್ತು.

"ಸುಮ್ಮನಿದ್ದೀನಿ ಅಂತ ತಲಿ ಮ್ಯಾಲೆ ಕುಂತೀರೇನು? ಸತ್ತೀನಿ ಅಂತ ತಿಳದೀರೇನು?"

ನಾದಿನಿಯ ಕಣ್ಣಲ್ಲಿ ನೀರು. ಓಡಿ ಹೋಗಿ ಉಪ್ಪು, ಮೆಣಸಿನಕಾಯಿ ತಂದು ಅವರಿಗೆ ದೃಷ್ಟಿ ತೆಗೆದಳು, ಅವರ ಗಲ್ಲ ಸವರಿ ತನ್ನ ಹಣೆಗೆ ಲಟಿಕೆ ಮುರಿದುಕೊಂಡಳು. "ಬಂದಾ ಬೇ, ನನ್ನ ತಮ್ಮ ತಿರುಗಿ ಬಂದಾ!" ಎನ್ನುತ್ತಾ ನನ್ನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ತುರುಕಿದಳು. ನನ್ನ ಕೆನ್ನೆ ಉರಿಯುತ್ತಿತ್ತು. ಸಕ್ಕರೆ ಉಗುಳಲು ಹೋದೆ. "ಉಗುಳಬ್ಯಾಡ ಬೇ, ಅಪಶಕುನ" ಎಂದಳು. ನುಂಗಿದೆ. ಆ ವಾರವೇ ಜೋಳದ ಚೀಲ ಜಿಡಗಾ ಮಠಕ್ಕೆ ಹೋಯಿತು.

ಸೋಲಾಪುರದ ಡಾಕ್ಟರು ರಕ್ತದ ಲೆಕ್ಕ ನೋಡಿ ಬೆನ್ನು ತಟ್ಟಿದರು. ರಸ ಪೂರ್ತಿ ತಿರುಗಿ ಬಂದಿದೆ, ರೋಗದ ಸುಳಿವಿಲ್ಲ ಎಂದರು. ನಮ್ಮವರು ಮೂತ್ರಕ್ಕೆಂದು ಹೊರಗೆ ಹೋದಾಗ ನಾನು ಧೈರ್ಯ ಮಾಡಿದೆ.

"ಆ ಸೂಜಿ ಮತ್ತ ಹಾಕ್ತೀರೇನ್ರಿ?"

"ಯಾಕ ತಾಯಿ? ರೋಗ ಇಲ್ಲಲ್ಲ ಈಗ."

ಸೆರಗು ಸರಿಸಿ ತೋಳು ತೋರಿಸಿದೆ. ಕಪಾಳದ ಏಟಿನ ನಂತರ ಬೇರೆ ಏಟುಗಳೂ ಬಿದ್ದಿದ್ದವು. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. "ತಾಯಿ, ಆ ಸೂಜಿ ಗಡ್ಡ ಇಳಸ್ತದ, ಬಲ ಇಳಸ್ತದ. ಕೈ ಎತ್ತೋದು ಬಿಡಸೋ ಔಷಧ ಅಲ್ರಿ ಅದು. ನನ್ನ ಮೈಯಾಗೂ ಆ ರಸ ಅದ, ನಾ ಮನ್ಯಾಗ ಯಾರನ್ನೂ ಬಡಿಯಂಗಿಲ್ಲ. ಸಾವ್ಕಾರ್ರು ಆವಾಗ ಅಂಜಿದ್ರು. ಸಾಯ್ತೀನಿ ಅಂತ ಅಂಜಿದ್ರು. ಈಗ ಅಂಜಿಕಿ ಹೋಗ್ಯಾದ." ನಮ್ಮವರನ್ನು ಕೂರಿಸಿ ಮಾತಾಡುತ್ತೇನೆ ಎಂದರು. ಬೇಡವೆಂದು ಕೈಮುಗಿದೆ. ಮನೆಗೆ ಹೋದ ಮೇಲೆ ಅದಕ್ಕೂ ನಾನೇ ಏಟು ತಿನ್ನಬೇಕಿತ್ತು.

ಆ ಡಾಕ್ಟರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಪ್ರೀತಿ ಅಂದುಕೊಂಡದ್ದು ಬರೀ ಅಂಜಿಕೆಯಾ? ಬಾವಿ ನೀರು ಕೇಳಿದ್ದು, ಬೇಳೆ ಹಸನು ಮಾಡಿದ್ದು, ಎಲ್ಲ ಸಾವಿಗೆ ಹೆದರಿಯಾ? ಹಾಗಾದರೆ ಅವರನ್ನು ಮೆತ್ತಗೆ ಮಾಡಿದ್ದು ಸೂಜಿಯೂ ಅಲ್ಲ, ನಾನೂ ಅಲ್ಲ. ಆದರೆ ಆಮೇಲೆ ಗಮನಿಸುತ್ತಾ ಹೋದೆ. ರಕ್ತ ಕೊಟ್ಟು ಬಂದ ದಿನದಿಂದ ಲೆಕ್ಕ ಕೈಗೆ ಬರುವವರೆಗೆ ಅವರ ಧ್ವನಿ ತಗ್ಗುತ್ತಿತ್ತು, "ಚಹಾ ಕುಡದಿಯೇನ?" ಎನ್ನುತ್ತಿದ್ದರು. ಚಿಂತೆಯಿಲ್ಲ ಎಂದು ಡಾಕ್ಟರು ಹೇಳಿದ ಸಂಜೆಯೇ ಮತ್ತೆ ಗದರಿಕೆ. ಡಾಕ್ಟರು ಸರಿಯಾಗಿಯೇ ಹೇಳಿದ್ದರು. ಅದು ಗೊತ್ತಾದ ಮೇಲೆ ಮೆದು ಮಾತು ಕೇಳಿದರೆ ಬೈಗುಳಕ್ಕಿಂತ ಹೆಚ್ಚು ಅಂಜಿಕೆಯಾಗುತ್ತಿತ್ತು.

ಹೀಗೇ ಒಂದೂವರೆ ವರ್ಷ ಹೋಯಿತು. ಒಂದು ಸಲ ಲೆಕ್ಕ ಕೇಳಲು ಅವರೊಬ್ಬರೇ ಒಳಗೆ ಹೋದರು. "ನೀ ಇಲ್ಲೇ ಕುಂದರು, ಒಳಗ ಬಂದು ಏನು ಕಿಸೀತಿ?" ಎಂದು ಗುರುಗುಟ್ಟಿದ್ದರು. ನಾನು ರೊಟ್ಟಿ ಗಂಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೆ. ಎಂದಿಗಿಂತ ತಡವಾಯಿತು. ಬಾಗಿಲು ತೆರೆದು ಬಂದವರು ನನ್ನ ಮುಂದೆ ನಿಂತರು.

"ಚೀಲ ಕೊಡು ಇಲ್ಲಿ. ಭಾರ ಆಗ್ತದ ನಿನಗ."

ನಾನು ಏಳಲಿಲ್ಲ. ಇಷ್ಟು ವರ್ಷದಲ್ಲಿ ಎಂದೂ ನನ್ನ ಕೈಯಿಂದ ಒಂದು ಚೀಲ ಇಸಿದುಕೊಂಡವರಲ್ಲ. ಕೈ ಹಿಡಿದು ಎಬ್ಬಿಸಿದರು. ಬಸ್ಸಿನಲ್ಲಿ ಕಿಟಕಿ ಕಡೆ ನನ್ನನ್ನು ಕೂರಿಸಿದರು. ಅಕ್ಕಲಕೋಟೆಯಲ್ಲಿ ಬುಟ್ಟಿ ಹೊತ್ತವಳನ್ನು ಕರೆದು ಪೇರಲಹಣ್ಣು ಕೊಂಡು, ಧೋತರಕ್ಕೆ ಒರೆಸಿ, ಮೊದಲು ನನಗೆ ಕೊಟ್ಟರು. ಡಾಕ್ಟರು ಏನಂದರು ಎಂದು ನಾನು ಕೇಳಲಿಲ್ಲ. ಹಣ್ಣು ಕೈಯಲ್ಲೇ ಇತ್ತು.

"ಏನ್ರಿ, ನನಗ ಒಂದ್ಸಲ ಬೈರಿ" ಅಂದೆ.

"ಯಾಕ?"

"ಸುಮ್ಮನ. ಒಂದ್ಸಲ ಬೈರಿ. ಮನಿ ತನಕನೂ ಬೈರಿ, ನಾ ಏನೂ ಅನ್ನಂಗಿಲ್ಲ."

ಅವರು ನನ್ನ ಮುಖ ನೋಡಿದರು. ಕೈ ಚಾಚಿ ಕಿಟಕಿ ಎಳೆದರು, ಗಾಳಿ ಭಾಳ ಅದ ಎಂದರು, ನನ್ನ ಸೆರಗು ಹೆಗಲಿಗೆ ಸರಿ ಮಾಡಿದರು. ಆಳಂದ ಬರುವವರೆಗೂ ಬೈಯಲಿಲ್ಲ.