ನಾಲ್ಕನೇ ಮೂಲೆ

ಇಸ್ತ್ರಿಯಕ್ಕನ ಬಲಭುಜ ಕೈಕೊಟ್ಟಿತು. ಹದಿನೆಂಟು ವರ್ಷ ಕಸೂತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಮಣಭಾರದ ಇಸ್ತ್ರಿಪೆಟ್ಟಿಗೆ ಎಳೆದರೆ ಇನ್ನೇನಾದೀತು ಪಾಪ! ಇನ್ನು ಭಾರ ಎತ್ತಕೂಡದು ಅಂತ ಡಾಕ್ಟರು ಹೇಳಿಬಿಟ್ಟರು. ಎತ್ತದಿದ್ದರೆ ಕೆಲಸವಿಲ್ಲ, ಮನೆಯಲ್ಲಿ ಸುಮ್ಮನೆ ಕೂರಬೇಕು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ.

ಮುಂದಿನ ಕೋಣೆಯಲ್ಲಿ, ಸೂಜಿಯವರ ಸಾಲಿನಲ್ಲಿ, ಒಂದು ಸ್ಟೂಲು ಖಾಲಿಯಾಗಿತ್ತು. ಅವಳು ನೇರ ಹೋಗಿ ದೊಡ್ಡಕ್ಕನನ್ನು ಕೇಳಿದಳು. ದೊಡ್ಡಕ್ಕ ಆ ಕೋಣೆಗೆಲ್ಲ ಹಿರಿಯಳು, ಅಂಚಿಗೆ ಹೆರಿಂಗ್‌ಬೋನ್ ಹೊಲಿಗೆ ಹಾಕುವುದರಲ್ಲಿ ಎತ್ತಿದ ಕೈ.

"ನಿನಗಾ?" ದೊಡ್ಡಕ್ಕ ನಕ್ಕಳು. "ಐವತ್ತು ದಾಟಿದ ಮೇಲೆ ಅಆಇಈನಾ?"

"ಹದಿನೈದು ದಿನ ಕೊಡಿ ಅಕ್ಕಾ. ಒಂದು ಕರ್ಚೀಫು ಹಾಕಿ ತರ್ತೀನಿ, ನಿಮ್ಮದರ ಪಕ್ಕ ಇಟ್ಟು ನೋಡಿ. ಸರಿಯಿಲ್ದಿದ್ರೆ ನಾನೇ ಮನೆಗೆ ಹೋಗ್ತೀನಿ."

"ಆಯ್ತು. ಆದ್ರೆ ಇಸ್ತ್ರಿ ಹಾಕಿ ಮೋಸ ಮಾಡ್ಬೇಡ. ಸೂಜಿಯಿಂದ ಇಳಿದ ಹಾಗೇ ತಾ. ನಂದೂ ಹಾಗೇ ಇಡ್ತೀನಿ."

ಆ ಹದಿನೈದು ದಿನ ಹಗಲೆಲ್ಲ ಇಸ್ತ್ರಿಪೆಟ್ಟಿಗೆ ಎತ್ತದೆ ಎಡಗೈಯಲ್ಲೇ ತಳ್ಳುತ್ತ, ಊಟದ ಹೊತ್ತಿನಲ್ಲಿ ಕಲಿಯತೊಡಗಿದಳು. ಕಲಿಸುವವರಿಲ್ಲ. ಇಲ್ಲದಿದ್ದರೇನು? ಕಸೂತಿ ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ಇಸ್ತ್ರಿ ಮಾಡಬೇಕು, ಇಲ್ಲದಿದ್ದರೆ ದಾರ ಚಪ್ಪಟೆಯಾಗುತ್ತದೆ. ಈ ಹೆರಿಂಗ್‌ಬೋನ್‌ನಲ್ಲಿ ಮುಂದೆ ದಾರಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟುತ್ತವಲ್ಲ, ಹಿಂದೆ ಇರುವುದು ಬರೀ ಎರಡು ಸಾಲು ಚಿಕ್ಕ ಗೆರೆ, ಇರುವೆ ಸಾಲಿನಂತೆ. ಆ ಸಾಲನ್ನು ಅವಳಷ್ಟು ನೋಡಿದವರು ಯಾರಿದ್ದಾರೆ? ಹಳೇ ತುಂಡೊಂದನ್ನು ಎಳೆ ಎಳೆಯಾಗಿ ಬಿಚ್ಚಿದಳು. ಮೇಲೊಂದು, ಕೆಳಗೊಂದು, ಹೊಲಿಗೆ ಬಲಕ್ಕೆ ನಡೆದರೂ ಸೂಜಿ ಪ್ರತಿಸಲ ಎಡಕ್ಕೇ ಚುಚ್ಚಬೇಕು. ಓಹೋ, ಇಷ್ಟೇನಾ!

ಇಷ್ಟೇ ಅಲ್ಲ. ಮೊದಲ ಆರು ದಿನ ಅವಳ ಅಂಚು ಕುಡುಕನ ನಡಿಗೆ.

"ಸಾಕು ಬಿಡಮ್ಮಾ," ಅಂದಳು ಮನೆಯಲ್ಲಿ ಮಗಳು, ರಾತ್ರಿಯೂ ಸೂಜಿ ಹಿಡಿದು ಕೂತವಳನ್ನು ನೋಡಿ.

"ಬಿಡೋದಕ್ಕೆ ಹಿಡ್ಕೊಂಡಿದ್ದಲ್ಲ ಕಣೇ."

ಅಂಚು ನೆಟ್ಟಗಾಯಿತು, ಮೂಲೆ ಸುಕ್ಕುಗಟ್ಟಿತು. ಬಿಚ್ಚಿದಳು. ಹಾಕಿದಳು, ಮತ್ತೆ ಬಿಚ್ಚಿದಳು. ಕೊನೆಗೆ ಮೂಲೆಗಳನ್ನೇ ಮೊದಲು ಹೊಲಿದು, ಹೆಚ್ಚುಕಮ್ಮಿಯನ್ನೆಲ್ಲ ನಡುವಿನ ಉದ್ದಕ್ಕೆ ಹಂಚಿದಳು. ನಾಲ್ಕೂ ಮೂಲೆ ತೆಪ್ಪಗೆ ಮಲಗಿದವು.

ಹದಿನಾರನೇ ದಿನ ದೊಡ್ಡಕ್ಕ ಎರಡು ಕರ್ಚೀಫನ್ನೂ ಅಕ್ಕಪಕ್ಕ ಹರವಿದಳು. ಇವಳದನ್ನು ಮಗುಚಿ ನೋಡಿದಳು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಆಮೇಲೆ ಕಣ್ಣು ತನ್ನದರ ಕಡೆ ಹೊರಳಿತು. ಮೂರು ಮೂಲೆ ಸರಿಯಾಗಿದ್ದವು, ಸುತ್ತಿನ ಹೆಚ್ಚುಕಮ್ಮಿಯೆಲ್ಲ ಸೇರಿ ನಾಲ್ಕನೆಯದು ಸುಕ್ಕಾಗಿ ಎದ್ದು ಕೂತಿತ್ತು. ಹೊಲಿದದ್ದನ್ನು ಇಸ್ತ್ರಿಯ ಬುಟ್ಟಿಗೆ ಎಸೆದು, ಇಸ್ತ್ರಿಯಾದ ಮೇಲೆಯೇ ನೋಡುವ ಅಭ್ಯಾಸ ದೊಡ್ಡಕ್ಕನದು.

"ಇದಕ್ಕೇನಾಯ್ತು ಇವತ್ತು?"

ಹೇಳಿದರೆ ಸ್ಟೂಲು ಕೈತಪ್ಪೀತು. ಆದರೂ ಇಸ್ತ್ರಿಯಕ್ಕ ಹೇಳಿದಳು.

"ಇವತ್ತಲ್ಲ ಅಕ್ಕಾ. ನಿಮ್ಮ ನಾಲ್ಕನೇ ಮೂಲೆ ಯಾವಾಗ್ಲೂ ಹೀಗೇ. ಹದಿನೆಂಟು ವರ್ಷದಿಂದ ನಾನೇ ನೀರು ಚಿಮುಕಿಸಿ ಎಳೆದು ಕೂರಿಸ್ತಿದ್ದೆ."

ಈಗ ಬಂತು ಬೈಗುಳ ಅಂತ ಸೂಜಿಯವರೆಲ್ಲ ತಲೆತಗ್ಗಿಸಿದರು. ದೊಡ್ಡಕ್ಕ ಆ ಸುಕ್ಕನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಮತ್ತೆ ಎದ್ದಿತು. ಖಾಲಿ ಸ್ಟೂಲನ್ನು ಕಾಲಿನಿಂದ ತನ್ನ ಪಕ್ಕಕ್ಕೆ ಎಳೆದಳು.

"ಕೂತ್ಕೋ," ಅಂದಳು. "ಮೂಲೆ ಹೇಗೆ ತಿರುಗಿಸ್ದೆ, ನಂಗೂ ತೋರ್ಸು."