ಹನ್ನೊಂದನೆಯ ಕೊಬ್ಬರಿ

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಕೊಬ್ಬರಿ ಅಂಗಡಿಯ ಅಮ್ಮ ಹತ್ತು ಕೊಬ್ಬರಿ ಎಣಿಸಿಕೊಟ್ಟ ಮೇಲೆ, "ಇರ್ಲಿ, ತಗಳಿ" ಎಂದು ಕೊಸರಿಗೆ ಇನ್ನೊಂದು ಹಾಕುತ್ತಿದ್ದರು. ಹಾಕುವಾಗ ಮುಖ ಬೀದಿಯ ಕಡೆಗಿರುತ್ತಿತ್ತು, ಆ ಕೈ ತಮ್ಮದೇ ಅಲ್ಲವೆಂಬಂತೆ.

ಆನ್‌ಲೈನ್‌ನಲ್ಲಿ ಮಾರತೊಡಗಿದಾಗಲೂ ಆ ಕೈ ಸುಮ್ಮನಿರಲಿಲ್ಲ. ಬರೆದ ತೂಕಕ್ಕೂ ಡಬ್ಬದ ತೂಕಕ್ಕೂ ತಾಳೆಯಾಗದೆ ಪಾರ್ಸೆಲ್‌ಗಳು ವಾಪಸ್ ಬಂದವು. ಇನ್ನೊಮ್ಮೆ ಹೀಗಾದರೆ ಮಾರಾಟ ಬಂದ್ ಎಂದು ಆನ್‌ಲೈನ್ ಕಂಪನಿಯ ಮೆಸೇಜೂ ಬಂತು.

"ಜಾಸ್ತಿ ಕೊಟ್ರೂ ತಪ್ಪೇನ್ರೀ ಇವ್ರಿಗೆ?" ಎಂದು ಅಮ್ಮ ನಕ್ಕರು.

ಹನ್ನೊಂದು ಎಂದೇ ಬರೆದು, ತೂಕವನ್ನೂ ಅದಕ್ಕೆ ತಕ್ಕಂತೆ ಹಾಕಿ ಎಂದು ನಾನೇ ಉಪಾಯ ಹೇಳಿದೆ. ಅವರಿಗೆ ಬಹಳ ಹಿಡಿಸಿತು.

ವಾರದೊಳಗೆ ಹಾಗೆ ಬರೆದು ಕಳಿಸಿದ ಪಾರ್ಸೆಲ್ಲೂ ವಾಪಸ್ ಬಂತು, ಮಾರಾಟವೂ ಬಂದ್ ಆಯಿತು. ಬಿಚ್ಚಿ ಎಣಿಸಿದರೆ ಹನ್ನೆರಡು.

"ಹನ್ನೊಂದು ಅಂತ ಬರದ್ಮೇಲೆ ಅದ್ಕೊಂದು ಕೊಸರು ಬ್ಯಾಡ್ವಾ?" ಎಂದರು, ಬೀದಿಯ ಕಡೆ ನೋಡುತ್ತ.